ಹೇರಿನ ಲೆಕ್ಕ: ರಾಯಪುರಂನಿಂದ ಮುಳಬಾಗಿಲಿಗೆ ಒಂದು ಸೈಕಲ್ಲು

ಹೋದ ಸಂಕ್ರಾಂತಿ ಮುಗಿದ ವಾರ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಮದರಾಸಿಗೆ ಸೈಕಲ್ಲಿನಲ್ಲಿ ಬಂದ. (1996ರಲ್ಲಿ ಚೆನ್ನೈ ಆಯಿತು ಅನ್ನೋದು ನನಗೆ ಗೊತ್ತು, ನನ್ನ ನಾಲಿಗೆಗೆ ಇನ್ನೂ ಗೊತ್ತಾಗಿಲ್ಲ. ದಯವಿಟ್ಟು ಕ್ಷಮಿಸಿ.) ಮೂರು ದಿನದ ದಾರಿ. ಹುಡುಗ ಕಪ್ಪಗೆ ಸುಟ್ಟುಹೋಗಿದ್ದರೂ ಖುಷಿಯಾಗಿದ್ದ. ಸೈಕಲ್ಲಿಗೆ ನಾಲ್ಕು ಚೀಲ. ಹಿಂದಿನ ಚಕ್ರದ ಆಚೆ ಈಚೆ ಎರಡು, ಮುಂದಿನ ಚಕ್ರದ ಆಚೆ ಈಚೆ ಎರಡು. ಮಳೆ ಬಂದರೂ ಒಳಗಿನ ಬಟ್ಟೆ ಒದ್ದೆಯಾಗದಂಥ ದಪ್ಪನೆಯ ಚೀಲಗಳು.

ವಾಪಸ್ ಹೊರಡುವ ಹಿಂದಿನ ದಿನ ಇಡೀ ಸಾಮಾನನ್ನು ನಮ್ಮ ಹಾಲಿನಲ್ಲಿ ಹರಡಿಕೊಂಡು ಕೂತ. ಜೇಬಿನಿಂದ ಒಂದು ಕೊಕ್ಕೆಯ ತಕ್ಕಡಿ ತೆಗೆದ. ವಿಮಾನದಲ್ಲಿ ಹೋಗುವವರು ಸೂಟ್‌ಕೇಸ್ ತೂಗಿ ನೋಡುತ್ತಾರಲ್ಲ, ಅಂಥದ್ದು. ಒಂದೊಂದೇ ಚೀಲ ಎತ್ತಿ ಹಿಡಿದು ತೂಗಿದ.

"ಮಾಮ, ಎಡಗಡೆ 4.6, ಬಲಗಡೆ 4.2. ನಾನೂರು ಗ್ರಾಂ ಹೆಚ್ಚುಕಮ್ಮಿ ಇದೆ ನೋಡಿ" ಅಂದ.

"ನಾನೂರು ಗ್ರಾಮಿಗೆ ಏನೋ ಆಗುತ್ತೆ? ನೀನು ಬೆಳಗ್ಗೆ ತಿಂದ ಇಡ್ಲಿಯೇ ಅಷ್ಟಿತ್ತು."

ಅವನು ನನಗೆ ಪಾಠ ಶುರು ಮಾಡಿದ. ಎರಡು ಪಕ್ಕ ಸಮ ಇರಬೇಕು, ಭಾರದ್ದು ತಳದಲ್ಲಿ ಇರಬೇಕು, ಎಲ್ಲವನ್ನೂ ಹಿಂದೆ ಹಾಕದೆ ಮುಂದಕ್ಕೂ ಸ್ವಲ್ಪ ಕೊಡಬೇಕು, ಯಾವುದೂ ಅಲುಗಾಡಬಾರದು. ಎಲ್ಲಿ ಕಲಿತೆ ಅಂದರೆ ಯೂಟ್ಯೂಬ್ ಅಂದ. ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ನಿಮ್ಮ ಮಾಮನ ಕಾಲಕ್ಕೂ ಯೂಟ್ಯೂಬ್ ಇದ್ದಿದ್ದರೆ ನಮ್ಮತ್ತೆಯ ಉಪ್ಪಿನಕಾಯಿ ಉಳೀತಿತ್ತು!"

ಆ ಉಪ್ಪಿನಕಾಯಿ ಕತೆ ಹುಡುಗನಿಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲ. ಅದನ್ನು ಹೇಳಬೇಕಾದರೆ ರಾಯಪುರಂನಿಂದ ಶುರು ಮಾಡಬೇಕು.

ನಾನು ಮದರಾಸಿಗೆ ಬಂದದ್ದು 1979ರಲ್ಲಿ, ಬಂದರಿಗೆ ಸರಕು ಸಾಗಿಸುವವರ ಒಂದು ಸಣ್ಣ ಆಫೀಸಿನಲ್ಲಿ ಗುಮಾಸ್ತನಾಗಿ. ರೂಮು ಸಿಕ್ಕಿದ್ದು ರಾಯಪುರಂ ಸ್ಟೇಷನ್ನಿನ ಹಿಂದಿನ ಒಂದು ಗಲ್ಲಿಯಲ್ಲಿ. ಮದರಾಸಿನ ಕನ್ನಡಿಗರು ಅಂದರೆ ಟಿ. ನಗರ, ಮಾಂಬಲಂ, ಉಡುಪಿ ಹೋಟೆಲು ಅನ್ನುವವರಿಗೆ ಉತ್ತರ ಮದರಾಸು ಇನ್ನೊಂದು ದೇಶ. ಸಮುದ್ರ, ಬಂದರು, ಮೀನು, ಗೂಡ್ಸ್ ರೈಲು, ಬೆವರು. ರಾಯಪುರಂ ಹೆಸರಿಗೂ ಯಾವ ರಾಯರಿಗೂ ಸಂಬಂಧ ಇಲ್ಲ. ತಮಿಳು ಕ್ರೈಸ್ತರು ಸಂತ ಪೀಟರನನ್ನು ರಾಯಪ್ಪರ್ ಅನ್ನುತ್ತಾರೆ. ಪೀಟರ್ ಮೀನುಗಾರ, ಮೀನುಗಾರರ ಕಾವಲುದೇವರು. ಅವನ ಹೆಸರಿನ ಊರು ಇದು. ಅದೇ ಊರಿನಲ್ಲಿ ಪಾರ್ಸಿಗಳ ಒಂದು ಅಗ್ನಿಮಂದಿರವೂ ಇದೆ, 1910ರದ್ದು. ಆ ಪಾರ್ಸಿಗಳು ಈ ಕತೆಯಲ್ಲಿ ಮುಂದೆ ಒಂದು ಸಲ ಬರುತ್ತಾರೆ.

ರಾಯಪುರಂ ಸ್ಟೇಷನ್ನು ದಕ್ಷಿಣ ಭಾರತದ ಮೊಟ್ಟಮೊದಲ ರೈಲು ನಿಲ್ದಾಣ. 1856ರ ಜುಲೈ 1ರಂದು ಇಲ್ಲಿಂದ ಜನರ ರೈಲು ಓಡಿತು, ವಾಲಾಜಾ ರೋಡಿನವರೆಗೆ, ಸುಮಾರು 100 ಕಿಲೋಮೀಟರ್. ಈಗಿನ ಸೆಂಟ್ರಲ್ ಬಂದದ್ದು ಅದಾದ ಮೇಲೆ, 1873ರಲ್ಲಿ. ಉದ್ದುದ್ದ ಕಂಬಗಳ ಆ ಹಳೆಯ ಕಟ್ಟಡ ನಾನು ಬಂದಾಗ ಪಾಳು ಬಿದ್ದ ಹಾಗಿತ್ತು. 2005ರಲ್ಲಿ ರಿಪೇರಿ ಆಯಿತು. ಸಂಜೆ ಆಫೀಸು ಮುಗಿಸಿ ಅದರ ಮುಂದೆ ಹಾದುಹೋಗುವಾಗ ಒಂದು ದಿನ ತಲೆಗೆ ಹೊಳೆಯಿತು: ಇಲ್ಲಿಂದ ವಾಲಾಜಾ, ವಾಲಾಜಾದಿಂದ ರಾಣಿಪೇಟೆ, ಚಿತ್ತೂರು, ಪಲಮನೇರು, ನಂಗಲಿ, ಮುಳಬಾಗಿಲು. ನನ್ನ ಊರು! ಒಂದೇ ರಸ್ತೆ. ಹೆಚ್ಚು ಅಂದರೆ 240 ಕಿಲೋಮೀಟರ್. ಸೈಕಲ್ಲಿನಲ್ಲಿ ಯಾಕೆ ಹೋಗಬಾರದು?

ಇಪ್ಪತ್ತಾರು ವರ್ಷದ, ಮದುವೆಯಾಗದ, ಹೇಳುವವರು ಕೇಳುವವರು ಇಲ್ಲದ ಹುಡುಗನಿಗೆ ಇಂಥವೆಲ್ಲಾ ಹೊಳೆಯುತ್ತವೆ. 1984ರ ಜನವರಿ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಹೊರಟೇಬಿಟ್ಟೆ.

ಈ ರಸ್ತೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ, ಯಾಕೆಂದರೆ ಸಾಮಾನಿನ ಭಾರದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಮುಳಬಾಗಿಲು ಅಂದರೆ ಮೂಡಲ ಬಾಗಿಲು. ಘಟ್ಟದ ಮೇಲಿನ ಸೀಮೆಗೆ ಪೂರ್ವದ ಬಾಗಿಲು. ಮದರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಮದರಾಸಿಗೆ ದಂಡು ಹೋಗಿದ್ದು ಬಂದಿದ್ದು ಈ ಕಡೆಯಿಂದಲೇ. 1769ರ ಮಾರ್ಚಿನಲ್ಲಿ ಹೈದರ್ ಅಲಿ ಏನು ಮಾಡಿದ ನೋಡಿ. ತೋಪು, ಡೇರೆ, ಸಾಮಾನು ಸರಂಜಾಮು, ದೊಡ್ಡ ಸೈನ್ಯ ಎಲ್ಲವನ್ನೂ ಘಟ್ಟದ ಮೇಲಕ್ಕೆ ವಾಪಸ್ ಕಳಿಸಿದ. ಆರಿಸಿದ 6,000 ಕುದುರೆ ಸವಾರರು, 200 ಕಾಲಾಳು ಅಷ್ಟನ್ನೇ ಇಟ್ಟುಕೊಂಡು ಮೂರೂವರೆ ದಿನದಲ್ಲಿ 130 ಮೈಲಿ ಬಂದು ಮದರಾಸಿನ ಪರಂಗಿಮಲೆಯ ಹತ್ತಿರ ನಿಂತ. ಕುಂಪಣಿಯವರು ಏಪ್ರಿಲಿನಲ್ಲಿ ಸಂಧಿಗೆ ಸಹಿ ಹಾಕಿದರು.

ಕಾರ್ನ್‌ವಾಲಿಸನ ಕತೆ ಇದಕ್ಕೆ ತದ್ವಿರುದ್ಧ. 1791ರ ಫೆಬ್ರವರಿಯಲ್ಲಿ ವೆಲ್ಲೂರಿಗೆ ಬಂದು, ಆಂಬೂರಿನ ಕಡೆ ಹೋಗುವವನ ಹಾಗೆ ನಟಿಸಿ, ಉತ್ತರಕ್ಕೆ ತಿರುಗಿ ಮೊಗಿಲಿ ಘಟ್ಟ ಹತ್ತಿದ. ಟಿಪ್ಪು ಬೇರೆ ಕಡೆ ಕಾಯುತ್ತಿದ್ದ. ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಬಿತ್ತು. ಅಲ್ಲಿಂದ ಮುಂದೆ? ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನ ತನಕ ಹೋದ, ಅರಕೆರೆಯ ಹತ್ತಿರದ ಲಡಾಯಿಯನ್ನೂ ಗೆದ್ದ, ಆದರೆ ಭಾರ ಎಳೆಯುವ ಎತ್ತುಗಳೇ ಸತ್ತುಹೋಗಿದ್ದವು. ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಕ್ಕೆ ಬಂದ. ಟಿಪ್ಪುವಿನ ಹತ್ತಿರ ಅಮೃತಮಹಲ್ ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಅವನ ಕಾಲಕ್ಕೆ ಅಮೃತಮಹಲ್ ಆಯಿತು. ಇಂಗ್ಲಿಷರ ಸೈನ್ಯಕ್ಕೆ ಕಡೆಗೆ ಧಾನ್ಯ ಮುಟ್ಟಿಸಿದವರು ಲಂಬಾಣಿಗಳು, ಎತ್ತುಗಳ ಮೇಲೆ ಹೇರು ಹಾಕಿಕೊಂಡು.

ಹೇರು! ಈ ಪದ ಈಗಿನ ಹುಡುಗರಿಗೆ ಗೊತ್ತಿಲ್ಲ. ಎತ್ತಿನ ಬೆನ್ನಿನ ಮೇಲೆ ಎರಡು ಪಕ್ಕಕ್ಕೂ ಸಮನಾಗಿ ಇಳಿಬಿಡುವ ಗೋಣಿಯ ಹೊರೆ. ನಮ್ಮ ತಾತ ಹೇಳುತ್ತಿದ್ದರು, ಹೇರು ಒಂದು ಕಡೆ ವಾಲಿದರೆ ಎತ್ತು ನಡೆಯುತ್ತೆ, ಆದರೆ ಸಂಜೆ ಹೊತ್ತಿಗೆ ಬೆನ್ನು ಹುಣ್ಣಾಗಿರುತ್ತೆ ಅಂತ. ನಾನು ಈ ಮಾತನ್ನು ಕೇಳಿಸಿಕೊಂಡು ಬೆಳೆದವನು. ಕೇಳಿಸಿಕೊಂಡಿದ್ದೆ ಅಷ್ಟೇ.

ಹೋಗುವಾಗ ನಾನು ಹೈದರ್ ಅಲಿ. ಕ್ಯಾರಿಯರಿನಲ್ಲಿ ಒಂದು ಏರ್‌ಬ್ಯಾಗು, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲ್, ಅಮ್ಮನಿಗೆ ಒಂದು ಸೀರೆ, ಪಂಕ್ಚರ್ ಸಾಮಾನು. ಮೊದಲ ರಾತ್ರಿ ವಾಲಾಜಾಪೇಟೆ, ಅಂದರೆ 1856ರ ರೈಲು ತಲುಪಿದಷ್ಟೇ ದೂರ. ಎರಡನೇ ದಿನ ಕೂರಲಾಗದಷ್ಟು ನೋವು, ಚಿತ್ತೂರಿಗೇ ನಿಲ್ಲಿಸಿದೆ. ಮೂರನೇ ದಿನ ಮೊಗಿಲಿ ಘಟ್ಟವನ್ನು ಮುಕ್ಕಾಲು ಭಾಗ ತಳ್ಳಿಕೊಂಡೇ ಹತ್ತಿ, ಪಲಮನೇರಿನಲ್ಲಿ ಟೀ ಕುಡಿದು, ಸಂಜೆಗೆ ಮನೆ ಸೇರಿದೆ. ಊರಿನಲ್ಲಿ ಒಂದು ದಿನದ ಮಟ್ಟಿಗೆ ನಾನು ಹೀರೋ.

ಬರುವಾಗ ಕಾರ್ನ್‌ವಾಲಿಸ್.

ಅಮ್ಮ ಐದು ಕಿಲೋ ರಾಗಿಹಿಟ್ಟು ಬೀಸಿಸಿ ಇಟ್ಟಿದ್ದಳು. ಮೂರು ಕಿಲೋ ಹುಣಿಸೆಹಣ್ಣು, ಎರಡು ಕಿಲೋ ಹುರುಳಿ, ಒಂದಷ್ಟು ಅವರೆಕಾಯಿ, ನಾಲ್ಕು ಅಚ್ಚು ಬೆಲ್ಲ. ಇವೆಲ್ಲದರ ಮೇಲೆ ಪಿಂಗಾಣಿ ಜಾಡಿಯ ತುಂಬ ಮಾವಿನಕಾಯಿ ಉಪ್ಪಿನಕಾಯಿ. ಬೇಡ ಅಂದೆ.

"ಮದರಾಸಲ್ಲಿ ರಾಗಿ ಎಲ್ಲಿ ಸಿಗುತ್ತೋ ನಿಂಗೆ? ಹೊರೋದು ಸೈಕಲ್ಲು ತಾನೇ, ನೀನಲ್ಲವಲ್ಲ!"

ನಿಜ ಹೇಳಬೇಕು ಅಂದರೆ ರಾಯಪುರಂ ಬೀದಿಯಲ್ಲಿ ರಾಗಿ ಧಾರಾಳವಾಗಿ ಸಿಗುತ್ತಿತ್ತು. ತಮಿಳರು ಕೇಳ್ವರಗು ಅನ್ನುತ್ತಾರೆ. ತಳ್ಳುಗಾಡಿಯಲ್ಲಿ ರಾಗಿ ಕೂಳು ಕುಡಿದು ಕೆಲಸಕ್ಕೆ ಹೋಗುವ ಕೂಲಿಗಳನ್ನು ದಿನಾ ನೋಡುತ್ತಿದ್ದೆ. ಆದರೆ ಇದನ್ನು ಅಮ್ಮನಿಗೆ ಹೇಳುವ ಧೈರ್ಯ ಯಾರಿಗಿದೆ? ಊರು ಬಿಟ್ಟವರಿಗೆಲ್ಲಾ ಗೊತ್ತು, ಅವರು ಕಟ್ಟಿಕೊಡುವುದು ರಾಗಿಯನ್ನಲ್ಲ.

ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ, ಕ್ಯಾರಿಯರಿನ ಮೇಲೆ ಅಡ್ಡಕ್ಕೆ ಮಲಗಿಸಿ ಹಗ್ಗ ಬಿಗಿದೆ. ಅದರ ಮೇಲೆ ಏರ್‌ಬ್ಯಾಗು. ಜಾಡಿ ಒಡೆಯಬಾರದು ಅಂತ ಎಲ್ಲಕ್ಕಿಂತ ಮೇಲೆ, ಬಟ್ಟೆ ಸುತ್ತಿ ಇಟ್ಟೆ. ಒಟ್ಟು 20 ಕಿಲೋ. ಹ್ಯಾಂಡಲಿನಲ್ಲಿ ಏನೂ ಇಲ್ಲ. ನಂಗಲಿಯ ತನಕ ಸೈಕಲ್ಲಿನ ಮುಂಭಾಗ ಹಗುರವಾಗಿ ತೇಲಿದ ಹಾಗೆ ಅನ್ನಿಸುತ್ತಿತ್ತು. ಒಳ್ಳೆಯದೇ ಆಯಿತಲ್ಲ, ಹ್ಯಾಂಡಲ್ ಸಲೀಸಾಗಿ ತಿರುಗುತ್ತೆ ಅಂದುಕೊಂಡೆ. ಎಂಥ ಜಾಣ!

ಮೊಗಿಲಿ ಘಟ್ಟದ ಇಳಿಜಾರು. ಎರಡನೆಯದೋ ಮೂರನೆಯದೋ ತಿರುವು ದಾಟಿ ನೇರ ರಸ್ತೆ ಸಿಕ್ಕಿತು, ವೇಗ ಬಂತು. ಇದ್ದಕ್ಕಿದ್ದ ಹಾಗೆ ಹ್ಯಾಂಡಲ್ ಬಲಕ್ಕೆ ಎಡಕ್ಕೆ ನಡುಗತೊಡಗಿತು. ಮೊದಲು ಸಣ್ಣಗೆ, ಆಮೇಲೆ ದೆವ್ವ ಹಿಡಿದವರ ಹಾಗೆ. ನಾನು ಗಟ್ಟಿಯಾಗಿ ಹಿಡಿದಷ್ಟೂ ನಡುಕ ಜಾಸ್ತಿ. ಹಿಂದೆ ಗೋಣಿಚೀಲ ಒಂದು ಕಡೆಗೆ, ಮುಂದೆ ಚಕ್ರ ಇನ್ನೊಂದು ಕಡೆಗೆ. ಎದುರಿಗೆ ಕೆಳಗಿನಿಂದ ಒಂದು ಲಾರಿ ಏದುಸಿರು ಬಿಡುತ್ತಾ ಬರುತ್ತಿತ್ತು. ಅದರ ಮುಂಭಾಗದಲ್ಲಿ ಬರೆದಿದ್ದ ಅಕ್ಷರಗಳನ್ನು ಓದುವಷ್ಟು ಹತ್ತಿರ ಬಂದಾಗ ಸೈಕಲ್ಲನ್ನು ಎಡಕ್ಕೆ ಮಣ್ಣಿನ ಕಡೆ ಬಿಟ್ಟುಬಿಟ್ಟೆ.

ಮೊಣಕೈ, ಮಂಡಿ ತರಚಿತು. ಮುಂದಿನ ಚಕ್ರ ಇಂಗ್ಲಿಷಿನ ಎಂಟರ ಹಾಗೆ ಬೆಂಡಾಯಿತು. ಜಾಡಿ ಚೂರು. ಕೆಂಪು ಎಣ್ಣೆ ಗೋಣಿಚೀಲದೊಳಗೆ ಇಳಿದು ರಾಗಿಹಿಟ್ಟನ್ನು ಸೇರುತ್ತಿತ್ತು. ಲಾರಿಯವರು ನಿಲ್ಲಿಸಿ, ಮೊದಲು ಚೆನ್ನಾಗಿ ಬೈದು, ಆಮೇಲೆ ನೀರು ಕೊಟ್ಟರು. ಚಿತ್ತೂರಿನ ಕಡೆ ಇಳಿಯುತ್ತಿದ್ದ ಇನ್ನೊಂದು ಲಾರಿಯನ್ನು ತಡೆದು ಸೈಕಲ್ಲು ಸಮೇತ ಹತ್ತಿಸಿದವರೂ ಅವರೇ. ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಸೈಕಲ್ಲು ಹಾಕಿಕೊಂಡು ಮದರಾಸು ಸೇರಿದೆ. ಅಮ್ಮನಿಗೆ ಕಾರ್ಡು ಬರೆದೆ: ಕ್ಷೇಮವಾಗಿ ತಲುಪಿದೆ, ಉಪ್ಪಿನಕಾಯಿ ಬಹಳ ಚೆನ್ನಾಗಿದೆ.

ಈಗ ಲೆಕ್ಕ ನೋಡೋಣ. ಇದು ನಾನು ಆಮೇಲೆ ಕಾಗದದ ಮೇಲೆ ಹಾಕಿದ್ದು. ಆಗ ನನ್ನ ತೂಕ 58 ಕಿಲೋ, ಸೈಕಲ್ಲಿನದು 20, ಒಟ್ಟು 78. ನಮ್ಮ ಕರಿ ಸೈಕಲ್ಲಿನ ಮೇಲೆ ಬೆನ್ನು ನೇರ ಮಾಡಿ ಕೂತರೆ ಮುಂಚಕ್ರಕ್ಕೆ ಸುಮಾರು 30 ಕಿಲೋ, ಹಿಂಚಕ್ರಕ್ಕೆ 48 ಅಂತಿಟ್ಟುಕೊಳ್ಳಿ. ಎರಡು ಚಕ್ರದ ಅಚ್ಚುಗಳ ನಡುವೆ ಸುಮಾರು 115 ಸೆಂಟಿಮೀಟರ್. ನನ್ನ ಗೋಣಿಚೀಲದ ಭಾರದ ನಡುಬಿಂದು ಹಿಂಚಕ್ರದ ಅಚ್ಚಿಗಿಂತಲೂ ಒಂದು ಗೇಣು ಹಿಂದೆ, 15 ಸೆಂಟಿಮೀಟರ್ ಅನ್ನೋಣ. ಏತದ ಹಾಗೆ ಅದು ಹಿಂದೆ ಒತ್ತಿ ಮುಂದೆ ಎತ್ತುತ್ತದೆ. 20ನ್ನು 15ರಿಂದ ಗುಣಿಸಿ 115ರಿಂದ ಭಾಗಿಸಿದರೆ 2.6 ಕಿಲೋ. ಅಂದರೆ 20 ಕಿಲೋ ಹೇರಿದ ಮೇಲೆ ಮುಂಚಕ್ರದ ಭಾರ ಹೆಚ್ಚಾಗುವ ಬದಲು 27.4ಕ್ಕೆ ಇಳಿಯಿತು, ಹಿಂಚಕ್ರದ್ದು 70.6ಕ್ಕೆ ಏರಿತು. ಭಾರ ಎತ್ತರದಲ್ಲಿ ಬೇರೆ ಇತ್ತು, ಹಗ್ಗ ಸಡಿಲ ಬೇರೆ ಆಗಿತ್ತು. ಎತ್ತರದ ಭಾರ ಹಿಂದೆ ತೂಗಾಡಿದರೆ ಸೈಕಲ್ಲಿನ ಚೌಕಟ್ಟು ತಿರುಚಿಕೊಳ್ಳುತ್ತೆ. ಒಂದು ವೇಗದಲ್ಲಿ ಆ ತೂಗಾಟವೂ ಮುಂಚಕ್ರದ ಅಲುಗಾಟವೂ ತಾಳಕ್ಕೆ ತಾಳ ಸೇರಿಬಿಡುತ್ತವೆ. ಆಗ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬಾರದು, ಎರಡು ಮಂಡಿಗಳನ್ನು ಮೇಲಿನ ಬಾರಿಗೆ ಒತ್ತಿ ಹಿಡಿದು ನಿಧಾನಕ್ಕೆ ಬ್ರೇಕ್ ಹಾಕಬೇಕು. ಮೊಗಿಲಿಯಲ್ಲಿ ನನಗೆ ಇದನ್ನು ಹೇಳುವವರು ಇರಲಿಲ್ಲ.

ಹೇಳುವವರು ಸಿಕ್ಕಿದ್ದು ರಾಯಪುರಂನಲ್ಲೇ.

ಬೆಂಡಾದ ಚಕ್ರ ಹೊತ್ತುಕೊಂಡು ಗಲ್ಲಿಯ ತುದಿಯ ಸೈಕಲ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಐವತ್ತು ದಾಟಿದ ಒಬ್ಬರು ಕೂತಿದ್ದರು, ಹಿಂಚಕ್ರದ ಕಡ್ಡಿ ಮುರಿದಿತ್ತಂತೆ. ಕಾಸಿಮೇಡಿನ ದಡದಲ್ಲಿ ಬೆಳಗಿನ ಜಾವ ಮೀನು ಏಲಕ್ಕೆ ತೆಗೆದುಕೊಂಡು ಪೆರಂಬೂರು, ಅಯನಾವರದ ಬೀದಿಗಳಲ್ಲಿ ಮಾರುವವರು. ನನ್ನ ಚಕ್ರ ನೋಡಿ ತಮಿಳಿನಲ್ಲಿ ಕೇಳಿದರು:

"ಹಿಂದೆ ಎಷ್ಟು ಭಾರ ಇತ್ತು ಸಾರ್?"

"ಇಪ್ಪತ್ತು ಕಿಲೋ."

"ಮುಂದೆ?"

"ಮುಂದೆ ಏನೂ ಇರಲಿಲ್ಲ ಅಣ್ಣ."

"ಅದಕ್ಕೇ" ಅಂದು ಬೀಡಿ ಹಚ್ಚಿದರು.

ಅವರು ದಿನಾ 40 ಕಿಲೋಗೆ ಕಡಿಮೆ ಇಲ್ಲದ ಹಾಗೆ ಹೊರುತ್ತಿದ್ದರು. ಬಿದ್ದಿದ್ದೇ ನೆನಪಿಲ್ಲವಂತೆ. ಅವರ ಸೈಕಲ್ಲು ಅಲ್ಲೇ ನಿಂತಿತ್ತು, ಎದ್ದು ತೋರಿಸಿದರು. ಕ್ಯಾರಿಯರಿನ ಮೇಲೆ ಒಂದು ಹಲಗೆ. ಅದರ ಮೇಲೆ ಬಿದಿರಿನ ಅಗಲವಾದ ಬುಟ್ಟಿ, ಒಳಗೆ ಪ್ಲಾಸ್ಟಿಕ್ ಹಾಳೆ. ಬುಟ್ಟಿ ಹಿಂದಕ್ಕೆ ಚಾಚದೆ ಸೀಟಿಗೆ ಅಂಟಿಕೊಂಡ ಹಾಗೆ ಮುಂದಕ್ಕೆ ಬಂದಿತ್ತು. ಕೂರುವಾಗ ಬೆನ್ನಿಗೆ ತಾಗುತ್ತೆ, ತಾಗಬೇಕು ಅಂದರು. ಐಸು ಮತ್ತು ದೊಡ್ಡ ಮೀನು ತಳದಲ್ಲಿ, ಸಣ್ಣದು ಮೇಲೆ. ತೂಕದ ಕಲ್ಲು, ತಕ್ಕಡಿ, ಕತ್ತಿ ಇಷ್ಟೂ ಒಂದು ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಹ್ಯಾಂಡಲಿನ ಮುಂದೆ ನೇತುಹಾಕಿದ್ದರು. ಬರೀ ನೇತುಹಾಕಿದರೆ ಆಡುತ್ತೆ ಅಂತ ಹಳೆಯ ಟ್ಯೂಬಿನ ಪಟ್ಟಿಯಿಂದ ಫೋರ್ಕಿಗೆ ಬಿಗಿದಿದ್ದರು. ಎರಡು ಕಿಲೋದ ಕಲ್ಲು, ಒಂದು, ಅರ್ಧ, ಕಾಲು, ಜೊತೆಗೆ ತಕ್ಕಡಿಯ ಕಬ್ಬಿಣ. ಎಲ್ಲಾ ಸೇರಿ ಐದು ಕಿಲೋ ಆಗಿದ್ದಿರಬೇಕು. ವ್ಯಾಪಾರಕ್ಕೆ ಬೇಕಾದ ಸಾಮಾನೇ ಸಮತೂಕದ ಸಾಮಾನೂ ಹೌದು. ಹಗ್ಗ ಸಡಿಲವಾಗುತ್ತೆ, ಟ್ಯೂಬಿನ ಪಟ್ಟಿ ಹಿಗ್ಗಿದರೂ ಎಳೆದುಕೊಂಡೇ ಇರುತ್ತೆ ಅನ್ನುವುದೂ ಅವರದೇ ಮಾತು.

ನನಗೆ ಅತ್ಯಂತ ಆಶ್ಚರ್ಯ ಆದದ್ದು ಬೇರೆ. ಪ್ರವಾಸ ಹೋಗುವವನ ಚೀಲ ಬೆಳಗ್ಗೆ ಎಷ್ಟಿತ್ತೋ ಸಂಜೆಯೂ ಹೆಚ್ಚುಕಡಿಮೆ ಅಷ್ಟೇ. ಮೀನಿನವರದ್ದು ಬೀದಿ ಬೀದಿಗೆ ಬದಲಾಗುತ್ತೆ. ಐಸು ಕರಗಿ ನೀರಾಗಿ ಸೋರುತ್ತೆ. ಒಬ್ಬ ಗಿರಾಕಿ ದೊಡ್ಡ ವಂಜರ ಮೀನನ್ನು ಎತ್ತಿಕೊಂಡರೆ ಬುಟ್ಟಿಯ ಒಂದು ಪಕ್ಕ ಹಗುರವಾಗುತ್ತೆ. ಅದಕ್ಕೆ ಪ್ರತಿ ನಿಲುಗಡೆಯಲ್ಲೂ ಉಳಿದ ಮೀನನ್ನು ಕೈಯಿಂದ ನಡುವಿಗೆ ಎಳೆದುಕೊಳ್ಳುತ್ತಿದ್ದರು. ನೋಡುವವರಿಗೆ ಮೀನು ಚೆನ್ನಾಗಿ ಕಾಣಲಿ ಅಂತ ಜೋಡಿಸಿದ ಹಾಗೆ ಕಾಣುತ್ತಿತ್ತು.

ತೂಕ ಸರಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಅವರು ಹ್ಯಾಂಡಲ್ ಬಿಟ್ಟು, ಸೀಟನ್ನು ಮಾತ್ರ ಒಂದು ಕೈಯಲ್ಲಿ ಹಿಡಿದು ಸೈಕಲ್ಲನ್ನು ಹತ್ತು ಹೆಜ್ಜೆ ತಳ್ಳಿದರು. ನೇರ ಹೋಯಿತು. "ಹೀಗೆ ಹೋಗದಿದ್ದರೆ ಕಟ್ಟು ಬಿಚ್ಚಿ ಮತ್ತೆ ಕಟ್ಟಬೇಕು ಸಾರ್." ಅಷ್ಟೇ. ಕೊಕ್ಕೆ ತಕ್ಕಡಿ ಇಲ್ಲ.

ಅಮ್ಮನ ಗೋಣಿಚೀಲವನ್ನು ನಾನು ಹೇಗೆ ಇಟ್ಟಿದ್ದೆ ಅಂತ ಕೈಯಲ್ಲಿ ಮಾಡಿ ತೋರಿಸಿದೆ. ಅವರು ನಗಲಿಲ್ಲ. ಒಂದು ಚೀಲ ಯಾಕೆ, ಎರಡು ಮಾಡಿ ಚಕ್ರದ ಆಚೆ ಈಚೆ ಇಳಿಬಿಡಬೇಕಿತ್ತು, ಹಿಮ್ಮಡಿಗೆ ತಾಗದಷ್ಟು ಮಾತ್ರ ಹಿಂದಕ್ಕೆ ಸರಿಸಬೇಕಿತ್ತು, ಬೆಲ್ಲ ಹುಣಿಸೆ ಮುಂದಕ್ಕೆ ಕಟ್ಟಬೇಕಿತ್ತು ಅಂದರು. ಆಮೇಲೆ ಕೇಳಿದರು: "ನಿಮ್ಮ ಊರಿನಲ್ಲಿ ಎತ್ತು ಇಲ್ವಾ ಸಾರ್?"

ನನಗೆ ನಾಚಿಕೆಯಾಯಿತು. ತಾತ ಎದುರಿಗೆ ಬಂದು ನಿಂತ ಹಾಗಾಯಿತು. ಮನೆಯಲ್ಲೇ ಇದ್ದ ಮಾತನ್ನು ಸಮುದ್ರದ ದಡದ, ಎತ್ತು ಕಟ್ಟದ ಮನುಷ್ಯ ನನಗೆ ನೆನಪು ಮಾಡಿಕೊಡಬೇಕಾಯಿತು.

ಸೈಕಲ್ಲು ತಯಾರಿಸುವವರಿಗೂ ಇದು ಚೆನ್ನಾಗಿ ಗೊತ್ತು. ನಮ್ಮ ಕರಿ ಸೈಕಲ್ಲಿನ ಕಡ್ಡಿಗಳನ್ನು ಎಣಿಸಿ ನೋಡಿ, ಮುಂಚಕ್ರಕ್ಕೆ 32, ಹಿಂಚಕ್ರಕ್ಕೆ 40. ಹಿಂದೆ ಭಾರ ಬೀಳುತ್ತೆ ಅಂತ ಇಂಗ್ಲೆಂಡಿನವರು ಮಾಡಿದ ಲೆಕ್ಕ ಅದು. 1949ರಲ್ಲಿ ಶುರುವಾದ ಅಂಬತ್ತೂರಿನ ಟಿಐ ಸೈಕಲ್ಸ್‌ನಂಥ ಕಾರ್ಖಾನೆಗಳ ಮೂಲಕ ಅದೇ ನಮೂನೆ ನಮ್ಮ ಬೀದಿಬೀದಿಗೂ ಬಂತು. ಹಾಲಿನವರು ಆ ಸೈಕಲ್ಲಿಗೆ ಫೋರ್ಕಿನ ಪಕ್ಕ ಎರಡು ಸರಳು ಜಾಸ್ತಿ ಹಾಕಿಸಿ, ಕ್ಯಾನುಗಳನ್ನು ಎರಡು ಪಕ್ಕಕ್ಕೆ ಕೆಳಗೆ ನೇತುಹಾಕಿಕೊಂಡರು. ಅದೂ ಹೇರೇ.

ಹಾಗಾದರೆ ಸೈಕಲ್ ಪ್ರವಾಸಿಗಳು? ಅವರ ಚರಿತ್ರೆಯನ್ನು ಆಮೇಲೆ ಆಸಕ್ತಿಯಿಂದ ಓದಿದೆ. ಮೊದಲಿಗೆ ಸೈಕಲ್ಲಿನಲ್ಲಿ ಭೂಮಿ ಸುತ್ತಿದ ಥಾಮಸ್ ಸ್ಟೀವನ್ಸ್ 1884ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ. ಮುಂದೆ ಆಳೆತ್ತರದ ಚಕ್ರ, ಹಿಂದೆ ಸಣ್ಣದು, ಆ ನಮೂನೆಯ ಸೈಕಲ್ಲು. ಅದರಲ್ಲಿ ಸವಾರ ಮುಂಚಕ್ರದ ಮೇಲೇ ಕೂರುತ್ತಾನೆ, ಕಲ್ಲಿಗೆ ತಾಗಿದರೆ ತಲೆ ಕೆಳಗಾಗಿ ಮುಂದಕ್ಕೆ ಬೀಳುತ್ತಾನೆ. ಸಾಮಾನು ಹೇರುವ ಪ್ರಶ್ನೆಯೇ ಇಲ್ಲ. ಕಾಲುಚೀಲ, ಒಂದು ಅಂಗಿ, ಡೇರೆಯೂ ಹಾಸಿಗೆಯೂ ಆಗುವ ಒಂದು ಮಳೆಕೋಟು, ಒಂದು ರಿವಾಲ್ವರ್. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಇಷ್ಟರಲ್ಲೇ ಹೋದ. ಎರಡು ಸಮ ಚಕ್ರಗಳ ರೋವರ್ ಸೈಕಲ್ಲು 1885ರಲ್ಲಿ ಬಂದ ಮೇಲೆಯೇ ಸಾಮಾನಿಗೆ ಹಿಂದೆ ಜಾಗ ಹುಟ್ಟಿದ್ದು, ಹಿಂದೆಯೇ ಎಲ್ಲಾ ತುಂಬುವ ಕೆಟ್ಟ ಚಾಳಿ ಹುಟ್ಟಿದ್ದೂ.

ಈಗ ಪಾರ್ಸಿಗಳು. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಆರು ಪಾರ್ಸಿ ಹುಡುಗರು ಸೈಕಲ್ಲಿನಲ್ಲಿ ಭೂಮಿ ಸುತ್ತಲು ಹೊರಟರು. ಕೊನೆ ಮುಟ್ಟಿಸಿದವರು ಮೂವರು, ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ. ಸುಮಾರು 71,000 ಕಿಲೋಮೀಟರ್ ಸುತ್ತಿ 1928ರ ಮಾರ್ಚಿನಲ್ಲಿ ವಾಪಸ್ ಬಂದರು. ಇವರೆಲ್ಲಾ ಯಾವ ಕ್ಲಬ್ಬಿನವರು ಗೊತ್ತಾ? ಬೊಂಬಾಯಿಯ ಭಾರ ಎತ್ತುವ ಕ್ಲಬ್ಬಿನವರು! ರಾಯಪುರಂನ ಆ ಅಗ್ನಿಮಂದಿರದ ಮುಂದೆ ಹೋಗುವಾಗ ಅವರ ನೆನಪಾಗುತ್ತೆ, ಮದರಾಸಿಗೂ ಅವರಿಗೂ ನಂಟಿದೆ ಅಂತಲ್ಲ, ಸುಮ್ಮನೆ.

ಭಾರದ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದವರು ವಿಯೆಟ್ನಾಮಿನವರು. 1954ರ ದಿಯೆನ್ ಬಿಯೆನ್ ಫು ಯುದ್ಧಕ್ಕೆ ಗುಡ್ಡಗಾಡಿನ ದಾರಿಯಲ್ಲಿ ಅಕ್ಕಿ, ಮದ್ದುಗುಂಡು ಸಾಗಿಸಿದ್ದು ಸಾವಿರಾರು ಸೈಕಲ್ಲುಗಳು. ಒಂದೊಂದರ ಮೇಲೆ 200 ಕಿಲೋಗೂ ಹೆಚ್ಚು. ಯಾರೂ ಹತ್ತಿ ಕೂರುತ್ತಿರಲಿಲ್ಲ, ಪಕ್ಕದಲ್ಲಿ ನಡೆಯುತ್ತಾ ತಳ್ಳುತ್ತಿದ್ದರು. ಹ್ಯಾಂಡಲಿಗೆ ಒಂದು ಬಿದಿರಿನ ಗಳು ಕಟ್ಟಿ ಉದ್ದ ಮಾಡಿ, ಸೀಟಿನ ಜಾಗದಲ್ಲಿ ಇನ್ನೊಂದು ಗಳು ನಿಲ್ಲಿಸಿ, ಒಂದರಿಂದ ತಿರುಗಿಸುವುದು ಇನ್ನೊಂದರಿಂದ ಬೀಳದ ಹಾಗೆ ಹಿಡಿಯುವುದು. ಮೂಟೆಗಳೆಲ್ಲಾ ಚೌಕಟ್ಟಿನ ಎರಡು ಪಕ್ಕಕ್ಕೆ, ಕೆಳಗೆ. ಜಾರ್ಖಂಡಿನ ಕಲ್ಲಿದ್ದಲು ಮಾರುವ ಬಡವರು ಸೈಕಲ್ಲು ತಳ್ಳುವುದನ್ನು ಫೋಟೋದಲ್ಲಿ ನೋಡಿ, ಅದೇ ಕಟ್ಟು.

ಇನ್ನು ಪ್ರವಾಸಿಗಳ ಶಾಸ್ತ್ರ. ಫ್ರಾನ್ಸಿನ ಕುಶಲಕರ್ಮಿಗಳು ಮುಂಚಕ್ರದ ಪಕ್ಕ ತಗ್ಗಿನಲ್ಲಿ ಚೀಲ ಕಟ್ಟುವುದನ್ನು ಮೊದಲೇ ಮಾಡಿದ್ದರು. ಅಮೆರಿಕದಲ್ಲಿ ಜಿಮ್ ಬ್ಲ್ಯಾಕ್‌ಬರ್ನ್ ಎಂಬ ಕ್ಯಾರಿಯರ್ ತಯಾರಕ ಬೇರೆ ಬೇರೆ ಜಾಗದಲ್ಲಿ ಭಾರ ಕಟ್ಟಿ ಓಡಿಸಿ ನೋಡಿ, ಮುಂದಿನ ಚೀಲಗಳು ಅಚ್ಚಿನ ಮಟ್ಟಕ್ಕೆ ಇಳಿದಿದ್ದರೆ ಸೈಕಲ್ಲು ನಿಶ್ಚಿಂತೆಯಾಗಿ ಹೋಗುತ್ತೆ ಅಂತ ತೋರಿಸಿ, ಅದಕ್ಕೆ ತಕ್ಕ ಕ್ಯಾರಿಯರ್ ಮಾಡಿದ್ದು 1980ರ ದಶಕದ ಆರಂಭದಲ್ಲಿ. ನಾನು ಮೊಗಿಲಿಯಲ್ಲಿ ಉರುಳಿದ ಹೊತ್ತಿಗೆ! ನನ್ನ ಲೆಕ್ಕಕ್ಕೇ ಹಾಕಿ ನೋಡಿ: ಆ 20 ಕಿಲೋದಲ್ಲಿ 6 ಕಿಲೋ ಮುಂಚಕ್ರದ ಅಚ್ಚಿನ ಪಕ್ಕ, 14 ಕಿಲೋ ಹಿಂಚಕ್ರದ ಅಚ್ಚಿನ ನೇರಕ್ಕೆ ಇಟ್ಟಿದ್ದರೆ ಮುಂದೆ 36, ಹಿಂದೆ 62. ಖಾಲಿ ಸೈಕಲ್ಲಿನಲ್ಲಿ ಇದ್ದ ಪಾಲು ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು, ಜಾಡಿಯೂ ಉಳಿಯುತ್ತಿತ್ತು. ಬ್ಲ್ಯಾಕ್‌ಬರ್ನ್ ಮಾಡಿದ್ದು ದೊಡ್ಡ ಕೆಲಸವೇ, ಅಳೆದು ನೋಡಿದ, ಬರೆದಿಟ್ಟ, ಲೋಕಕ್ಕೆಲ್ಲಾ ಸಿಗುವ ಹಾಗೆ ಮಾಡಿದ. ಕಾಸಿಮೇಡಿನ ಅಣ್ಣ ಬರೆದಿಡಲಿಲ್ಲ. ನನಗೆ ಸ್ವಲ್ಪ ಹೊಟ್ಟೆಯುರಿ ಆಗುವುದು ಇಷ್ಟಕ್ಕೇ.

ಅಮ್ಮ ಮುಂದಿನ ಸಲ ಊರಿಗೆ ಹೋದಾಗ ಜಾಡಿ ಕೇಳಿದಳು. ಪಿಂಗಾಣಿ ಜಾಡಿ, ಅವಳ ಅಮ್ಮನ ಮನೆಯಿಂದ ಬಂದದ್ದು. ಅಲ್ಲೇ ಇದೆ, ಬೇಳೆ ಹಾಕಿಟ್ಟುಕೊಂಡಿದ್ದೀನಿ ಅಂದೆ. ಇರಲಿ ಬಿಡು, ನಿನಗೇ ಬೇಕಾಗುತ್ತೆ ಅಂದಳು. ಮದುವೆಯಾದ ಮೇಲೆ ಹೆಂಡತಿಗೆ ಹೇಳಿದೆ. 2003ರಲ್ಲಿ ಅಮ್ಮ ಹೋದಳು, ಅವಳಿಗೆ ಹೇಳಲೇ ಇಲ್ಲ. ಎಣ್ಣೆ ಇಳಿದ ರಾಗಿಹಿಟ್ಟಿನಲ್ಲಿ ಚೂರು ಇರಬಹುದು ಅಂತ ಜರಡಿ ಹಿಡಿದು, ಮನಸ್ಸಿಲ್ಲದೆ ಅರ್ಧ ಎಸೆದು, ಇನ್ನರ್ಧ ರೊಟ್ಟಿ ತಟ್ಟಿ ತಿಂದಿದ್ದೆ. ಅಷ್ಟು ರುಚಿಯಾದ ರೊಟ್ಟಿ ಆಮೇಲೆ ತಿಂದಿಲ್ಲ ಅನ್ನೋದನ್ನೂ ಹೇಳಲಿಲ್ಲ.

ಕತೆ ಕೇಳಿದ ಮೇಲೆ ಹುಡುಗ ಸುಮ್ಮನಿದ್ದ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಕಾಸಿಮೇಡಿಗೆ ಕರೆದುಕೊಂಡು ಹೋದೆ. ಮೀನುಗಾರಿಕೆ ಬಂದರಿನ ಲೈಟು, ಕೂಗಾಟ, ಐಸಿನ ಕೆಸರು. ಮೀನು ತುಂಬಿಕೊಳ್ಳಲು ನಿಂತಿದ್ದವು ಆಟೋಗಳು, ಸಣ್ಣ ಲಾರಿಗಳು ಮತ್ತು ಸಾಲುಸಾಲು ಮೊಪೆಡ್‌ಗಳು. ಗಡಿಯಾಚೆಯ ನಮ್ಮ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಹುಟ್ಟಿತಲ್ಲ, ಅದರ ಮಕ್ಕಳು ಮೊಮ್ಮಕ್ಕಳೇ ಸೈಕಲ್ಲಿನ ಜಾಗ ಹಿಡಿದದ್ದು. ನನ್ನ ಅಣ್ಣ ಹೋಗಿ ವರ್ಷಗಳಾದವು. ಅರ್ಧ ಗಂಟೆ ಹುಡುಕಿದ ಮೇಲೆ ಒಬ್ಬ ವಯಸ್ಸಾದವರ ಸೈಕಲ್ಲು ಕಂಡಿತು. ಹಿಂದೆ ಬಿದಿರಿನ ಬುಟ್ಟಿಯ ಬದಲು ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ಮುಂದೆ ಫೋರ್ಕಿಗೆ ಟ್ಯೂಬಿನ ಪಟ್ಟಿಯಲ್ಲಿ ಬಿಗಿದ ಚೀಲ. ಹುಡುಗ ನನ್ನ ಕಡೆ ನೋಡಿದ. ನಾನು ಅವರನ್ನು ಕೇಳಿ, ಸೀಟು ಹಿಡಿದು ತಳ್ಳಿ ನೋಡು ಅಂದೆ. ತಳ್ಳಿದ. ಕೆಸರಿನಲ್ಲೂ ನೇರ ಹೋಯಿತು.

"ಎಷ್ಟು ಕಿಲೋ ಇರುತ್ತೆ ಮಾಮ ಇದು?"

"ನಿನ್ನ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ."

ಅವತ್ತೇ ಮಧ್ಯಾಹ್ನ ಅವನು ಹೊರಡಬೇಕು. ಅವನಮ್ಮನಿಗೆ ಅಂತ ಒಂದು ಕಿಲೋ ಒಣಮೀನು ಕಟ್ಟಿಸಿದ್ದೆ, ನಾಲ್ಕು ಸುತ್ತು ಪ್ಲಾಸ್ಟಿಕ್ ಹಾಕಿ. ಅಕ್ಕ ಫೋನಿನಲ್ಲಿ, ಅವನ ಗಾಡಿಗೆ ಜಾಸ್ತಿ ಭಾರ ಹಾಕಬೇಡ ಕಣೋ ಅಂದಿದ್ದಳು, ಒಣಮೀನು ಬೇಡ ಅಂತ ಮಾತ್ರ ಹೇಳಿರಲಿಲ್ಲ. ಹುಡುಗ ಪೊಟ್ಟಣವನ್ನು ಕ್ಯಾರಿಯರಿನ ಮೇಲೆ ಇಡಲು ಹೋದ. ಅಲ್ಲಲ್ಲ, ಮುಂದಿನ ಚೀಲದ ತಳಕ್ಕೆ ಹಾಕು ಅಂದೆ. ಬಟ್ಟೆಗೆಲ್ಲಾ ವಾಸನೆ ಹಿಡಿಯುತ್ತೆ ಮಾಮ ಅಂದ. ಹಿಡಿಯಲಿ ಅಂದೆ. ಅರ್ಧ ಕಿಲೋ ಎಡಕ್ಕೆ, ಅರ್ಧ ಕಿಲೋ ಬಲಕ್ಕೆ ಬಿಡಿಸಿ ಕಟ್ಟಿದ. ಆಮೇಲೆ ಕೊಕ್ಕೆ ತಕ್ಕಡಿ ಜೇಬಿನಲ್ಲೇ ಬಿಟ್ಟು, ಸೀಟು ಹಿಡಿದು ಗಲ್ಲಿಯ ತುದಿಯ ತನಕ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ನೋಡಿದ.